ಹುಳ, ಉಣ್ಣೆ, ನಮ್ಮ ದ್ವೀಪಗಳು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಜಂತುಹುಳದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋವಾದ ದಿವಾಡಿ, ಚೊಡಣ ಕಡೆಯವು, ಉಳಿದವುಗಳಲ್ಲಿ ಹಲವು ಮುಂಬಯಿಯವು. ಮೂರೂ ದ್ವೀಪಗಳೇ. ಮುಂಬಯಿ ದ್ವೀಪ ಅನ್ನುವುದು ಲೋಕಲ್ ಟ್ರೇನಿನಲ್ಲಿ ಓಡಾಡುವವರಿಗೆ ಮರೆತೇ ಹೋಗಿರುತ್ತದೆ, ಆದರೆ ಕೊಲಾಬಾದಿಂದ ದಹಿಸರ್‌ವರೆಗೆ ಸುತ್ತ ಇರುವುದು ಸಮುದ್ರ ಮತ್ತು ಖಾಡಿ ತಾನೇ. ಆದ್ದರಿಂದ ಈ ಸಲ ದ್ವೀಪದ ಪ್ರಾಣಿಗಳ ಮೈಮೇಲೆ (ಉಣ್ಣೆ, ಅಂದರೆ ರಕ್ತ ಕುಡಿಯುವ ಉಣುಗು), ಹೊಟ್ಟೆಯೊಳಗೆ ಬದುಕುವ ಜೀವಿಗಳಿಗೇ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಾವು ಬೆಳಗಾವಿ ಕಡೆಯವರು. ದಿವಾಡಿಯಲ್ಲಿ ಒಬ್ಬರ ಗದ್ದೆ, ಎಮ್ಮೆ ನೋಡಿಕೊಂಡಿದ್ದೇವೆ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಎಮ್ಮೆಗಳ ಗದ್ದದ ಕೆಳಗೆ ಊದಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ಜಂತಿನ ಔಷಧಿ ಕುಡಿಸಿದರೆ ಸುಧಾರಿಸುತ್ತವೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಔಷಧಿಯೇ ಸರಿ ಇಲ್ಲವಾ?
(ಒಬ್ಬ ಓದುಗರು, ದಿವಾಡಿ)

ಉತ್ತರ: ಸುಧಾರಿಸಿದವು ಅಂದರೆ ಔಷಧಿ ಕೆಲಸ ಮಾಡಿದೆ. ಎಮ್ಮೆ ಮತ್ತೆ ಅದೇ ನೀರಿಗೆ, ಅದೇ ಹುಲ್ಲಿಗೆ ಹೋಗಿದೆ. ನೀವು ಬರೆದದ್ದನ್ನು ನೋಡಿದರೆ ಇದು ಲಿವರ್ ಫ್ಲೂಕ್ ಇರುವ ಸಾಧ್ಯತೆ ಜಾಸ್ತಿ. ಎಲೆಯ ಆಕಾರದ ಚಪ್ಪಟೆ ಹುಳ ಇದು, ಎರಡು ಇಂಚಿನವರೆಗೂ ಬೆಳೆಯುತ್ತದೆ, ಲಿವರಿನೊಳಗಿನ ಪಿತ್ತನಾಳದಲ್ಲಿ ಕೂತು ತಿನ್ನುತ್ತದೆ. ಗದ್ದದ ಊತವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ದಿನವಿಡೀ ತಲೆ ತಗ್ಗಿಸಿ ಮೇಯ್ದು ಬಂದ ಮೇಲೆ ಊತ ದೊಡ್ಡದಾಗಿರುತ್ತದೆ, ಬೆಳಿಗ್ಗೆ ಹೊತ್ತಿಗೆ ಸ್ವಲ್ಪ ಇಳಿದಿರುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಹಾಗೇ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿರಬೇಕಾದದ್ದು ಬಿಳುಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಂತ. ಬೇರೆ ಹೊಟ್ಟೆಹುಳಗಳಿಂದಲೂ ಹೀಗೆ ಆಗಬಹುದು, ಅದಕ್ಕೇ ಔಷಧಿಗೆ ಮೊದಲು ಒಂದು ಡಬ್ಬಿಯಲ್ಲಿ ಹೊಸ ಸಗಣಿ ತೆಗೆದುಕೊಂಡು ಹೋಗಿ ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ.

ಈ ಹುಳಕ್ಕೆ ಬದುಕಲು ಎರಡು ಮನೆ ಬೇಕು. ಎಮ್ಮೆಯ ಸಗಣಿಯಲ್ಲಿ ಮೊಟ್ಟೆ ಹೊರಗೆ ಬೀಳುತ್ತದೆ. ನೀರು ಸಿಕ್ಕರೆ ಮರಿ ಹೊರಬಂದು ಸಿಹಿನೀರಿನ ಸಣ್ಣ ಬಸವನಹುಳುವಿನೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಒಂದು ಮರಿ ನೂರಾರು ಆಗುತ್ತದೆ. ಆಮೇಲೆ ಅವು ಈಜಿ ಬಂದು ಹುಲ್ಲಿನ, ಭತ್ತದ ದಂಟಿನ ಬುಡಕ್ಕೆ ಅಂಟಿ ಚಿಪ್ಪು ಕಟ್ಟಿಕೊಂಡು ಕೂರುತ್ತವೆ. ಎಮ್ಮೆ ಆ ಹುಲ್ಲು ತಿಂದರೆ ಸುತ್ತು ಪೂರ್ತಿಯಾಯಿತು. ತಿಂದ ತಕ್ಷಣ ಕಾಯಿಲೆ ಗೊತ್ತಾಗುವುದಿಲ್ಲ, ಹುಳ ಬೆಳೆದು ಮೊಟ್ಟೆ ಇಡಲು ಮೂರ್ನಾಲ್ಕು ತಿಂಗಳು ಬೇಕು. ಮಳೆಗಾಲದಲ್ಲಿ ತಿಂದದ್ದು ದೀಪಾವಳಿ ಆದ ಮೇಲೆ ಕಾಣಿಸುವುದು ಅದಕ್ಕೇ.

ದಿವಾಡಿಯಲ್ಲಿ ನಿಮಗೆ ಒಂದು ಅನುಕೂಲ ಇದೆ. ಅಲ್ಲಿನ ಖಾಜನ್ ಗದ್ದೆಗಳಿಗೆ, ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗಿನ ಗದ್ದೆಗಳಿಗೆ, ಕೊಯ್ಲಾದ ಮೇಲೆ ಮಾನಸ್ ತೆರೆದು, ಅಂದರೆ ಒಡ್ಡಿನ ತೂಬು ತೆರೆದು, ಉಪ್ಪುನೀರು ಬಿಡುವ ಪದ್ಧತಿ ಇದೆಯಲ್ಲ, ಆ ನೀರು ಈ ಬಸವನಹುಳುವಿಗೆ ಆಗುವುದಿಲ್ಲ. ತೊಂದರೆ ಇರುವುದು ಸಿಹಿನೀರು ನಿಲ್ಲುವ ಮೇಲಿನ ಗದ್ದೆ, ಕೆರೆ, ಹೊಂಡಗಳಲ್ಲಿ. ಮಳೆ ನಿಂತ ಮೇಲೆ ಆ ಕೆರೆಯ ಅಂಚಿಗೆ ಬೇಲಿ ಹಾಕಿ, ನೀರನ್ನು ಎತ್ತಿ ತೊಟ್ಟಿಯಲ್ಲಿ ಕುಡಿಸಿ. ಗದ್ದೆಯ ಹಸಿ ಹುಲ್ಲು ಕೊಡುವುದಾದರೆ ಬುಡ ಬಿಟ್ಟು ಮೇಲಿನಿಂದ ಕೊಯ್ಯಿರಿ. ಒಣಹುಲ್ಲನ್ನು ಚೆನ್ನಾಗಿ ಬಿಸಿಲಿಗೆ ಹಾಕಿ ಕೆಲವು ವಾರ ಬಣವೆಯಲ್ಲಿಟ್ಟು ಆಮೇಲೆ ಹಾಕಿ. ಸಗಣಿಯನ್ನು ಹಸಿಯಾಗಿ ಗದ್ದೆಗೆ ಎಸೆಯದೆ ತಿಪ್ಪೆಯಲ್ಲಿ ಕೊಳೆಯಲು ಬಿಡಿ, ಅದರ ಬಿಸಿಗೆ ಮೊಟ್ಟೆ ಸಾಯುತ್ತದೆ. ಬಾತುಕೋಳಿ ಸಾಕುವವರು ಅಕ್ಕಪಕ್ಕ ಇದ್ದರೆ ಅವನ್ನು ಆ ನೀರಿಗೆ ಬಿಡಲು ಹೇಳಿ, ಬಸವನಹುಳು ಅವಕ್ಕೆ ಇಷ್ಟದ ಊಟ.

ಔಷಧಿಯ ಬಗ್ಗೆ ಒಂದು ಮಾತು. ಮೆಡಿಕಲ್‌ನಲ್ಲಿ ಸುಲಭಕ್ಕೆ ಸಿಗುವ ಅಲ್ಬೆಂಡಜೋಲ್ ಬೆಳೆದ ಫ್ಲೂಕನ್ನು ಮಾತ್ರ ಕೊಲ್ಲುತ್ತದೆ, ಎಳೆಯವು ಉಳಿಯುತ್ತವೆ. ಟ್ರೈಕ್ಲಾಬೆಂಡಜೋಲ್ ಎಳೆಯದಕ್ಕೂ ಆಗುತ್ತದೆ. ಯಾವುದು, ಎಷ್ಟು, ಎಷ್ಟು ದಿನ ಹಾಲು ಮಾರಬಾರದು ಅನ್ನುವುದನ್ನು ಪಶುವೈದ್ಯರಲ್ಲಿ ಕೇಳಿಯೇ ಮಾಡಿ. ಗಬ್ಬ ಕಟ್ಟಿ ಒಂದೂವರೆ ತಿಂಗಳಾಗದ ಎಮ್ಮೆಗೆ ಅಲ್ಬೆಂಡಜೋಲ್ ಬೇಡವೇ ಬೇಡ, ಹೊಟ್ಟೆಯಲ್ಲಿರುವ ಕರುವಿಗೆ ತೊಂದರೆ.

ಪ್ರಶ್ನೆ: ಚೊಡಣದಲ್ಲಿ ನಮ್ಮ ದನಗಳ ಬೆನ್ನ ಮೇಲೆ ದಿನವಿಡೀ ಬೆಳ್ಳಕ್ಕಿ ಕೂತಿರುತ್ತವೆ. ಉಣ್ಣೆ ಎಲ್ಲ ಅವೇ ತಿನ್ನುತ್ತವೆ, ಔಷಧಿ ಸುಮ್ನೆ ಖರ್ಚು ಅಂತ ನಮ್ಮ ಮಾವನವರು ಹೇಳುತ್ತಾರೆ. ಹೌದಾ?
(ಒಬ್ಬ ಗೃಹಿಣಿ, ಚೊಡಣ)

ಉತ್ತರ: ಮಾವನವರು ನೋಡಿದ್ದು ಸುಳ್ಳಲ್ಲಮ್ಮ, ಆಗೊಮ್ಮೆ ಈಗೊಮ್ಮೆ ಬೆಳ್ಳಕ್ಕಿ ಉಣ್ಣೆ, ನೊಣ ಹೆಕ್ಕುತ್ತದೆ. ಆದರೆ ಅದು ದನದ ಹಿಂದೆ ಸುತ್ತುವುದು ಮುಖ್ಯವಾಗಿ ದನದ ಕಾಲಿಗೆ ಬೆದರಿ ಹುಲ್ಲಿನಿಂದ ಹಾರುವ ಮಿಡತೆಗಾಗಿ. ದನದ ಉಣ್ಣೆ ಜಾಸ್ತಿ ಇರುವುದು ಕಿವಿಯೊಳಗೆ, ಗಂಗೆದೊಗಲಲ್ಲಿ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ. ಅಲ್ಲಿಗೆ ಕೊಕ್ಕು ಹೋಗುವುದಿಲ್ಲ. ಒಂದು ಹೆಣ್ಣು ಉಣ್ಣೆ ರಕ್ತ ಕುಡಿದು ನೆಲಕ್ಕೆ ಬಿದ್ದರೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ಇದೇ ಬೆಳ್ಳಕ್ಕಿಯ ಇನ್ನೊಂದು ಕಥೆ ಹೇಳುತ್ತೇನೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪಕ್ಕೆ ಆಫ್ರಿಕಾದ ಸೆನೆಗಲ್‌ನಿಂದ ಹಡಗಿನಲ್ಲಿ ತಂದ ದನಗಳ ಜೊತೆ ಒಂದು ಜಾತಿಯ ಬಣ್ಣದ ಉಣ್ಣೆ ಬಂದಿಳಿಯಿತು. ತುಂಬಾ ಕಾಲ ಅದು ಕೆಲವೇ ದ್ವೀಪಗಳಲ್ಲಿ ಮಾತ್ರ ಇತ್ತು. 20ನೇ ಶತಮಾನದ ನಡುವೆ ಬೆಳ್ಳಕ್ಕಿಗಳು ಆ ಕಡೆ ನೆಲೆಸಿದವು, ಉಣ್ಣೆಯ ಮರಿಗಳು ಅವುಗಳ ಗರಿಯ ಸಂದಿಯಲ್ಲಿ ಕಚ್ಚಿಕೊಂಡು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದವು, ದನಕುರಿಗಳನ್ನು ಕೊಲ್ಲುವ ಹಾರ್ಟ್‌ವಾಟರ್ ಅನ್ನುವ ರೋಗದ ಭಯವೂ ಅದರ ಹಿಂದೆಯೇ ಹೋಯಿತು. ಆ ಜಾತಿಯ ಉಣ್ಣೆ ನಮ್ಮಲ್ಲಿಲ್ಲ, ಭಯ ಬೇಡ. ಹಕ್ಕಿಯನ್ನು ಓಡಿಸುವುದೂ ಬೇಡ. ನಾನು ಹೇಳುವುದು ಇಷ್ಟು: ಮೊದಲು ಉಣ್ಣೆ ನೀರು ದಾಟಿದ್ದು ಮನುಷ್ಯ ತಂದ ದನದ ಮೈಮೇಲೆ. ನೀವೂ ಫೆರ್ರಿಯಲ್ಲಿ ಹೊಸ ಹಸು ತಂದರೆ ಅದನ್ನು ಎರಡು ಮೂರು ವಾರ ಬೇರೆ ಕಟ್ಟಿ, ಉಣ್ಣೆಯ ಔಷಧಿ ಹಚ್ಚಿಸಿ, ಸಗಣಿ ಪರೀಕ್ಷೆ ಮಾಡಿಸಿ, ಆಮೇಲೆ ಹಟ್ಟಿಗೆ ಸೇರಿಸಿ. ದ್ವೀಪದಲ್ಲಿ ಇರುವವರಿಗೆ ಇದು ಸುಲಭ, ಬರುವ ದಾರಿ ಒಂದೆರಡೇ ಇರುತ್ತದಲ್ಲ.

ಪ್ರಶ್ನೆ: ನಾನು ಪುಣೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಪರಾವಲಂಬಿಗಳಿಂದ ದ್ವೀಪದ ಕಾಡುಪ್ರಾಣಿಗಳು ಪೂರ್ತಿ ನಾಶವಾದ ಉದಾಹರಣೆ ನಿಜವಾಗಿ ಇದೆಯಾ ಸರ್?
(ಒಬ್ಬ ವಿದ್ಯಾರ್ಥಿನಿ, ಪುಣೆ)

ಉತ್ತರ: ಇದೆ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಅಲ್ಲಿನದೇ ಎರಡು ಜಾತಿಯ ಇಲಿಗಳಿದ್ದವು. 1900ರ ಹೊತ್ತಿಗೆ ಹಡಗಿನಲ್ಲಿ ನಮ್ಮ ಮನೆಗಳ ಕಪ್ಪು ಇಲಿ ಅಲ್ಲಿಗೆ ಹೋಯಿತು, ಅದರ ರಕ್ತದಲ್ಲಿದ್ದ ಟ್ರಿಪನೋಸೋಮಾ ಎಂಬ ಏಕಕೋಶ ಜೀವಿಯೂ ಹೋಯಿತು, ಅದನ್ನು ಹರಡುವ ಚಿಗಟವೂ ಜೊತೆಗಿತ್ತು. ದ್ವೀಪದ ಇಲಿಗಳು ಹಗಲು ಹೊತ್ತಿನಲ್ಲೇ ದಾರಿಯಲ್ಲಿ ತೂರಾಡುತ್ತಾ ಸಾಯುವುದನ್ನು ಜನ ನೋಡಿದರು. ಕೆಲವೇ ವರ್ಷಗಳಲ್ಲಿ ಎರಡೂ ಜಾತಿ ಇಲ್ಲವಾದವು. ಮ್ಯೂಸಿಯಂನಲ್ಲಿ ಉಳಿದಿದ್ದ ಹಳೆಯ ಚರ್ಮಗಳ ಡಿಎನ್‌ಎ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಕಪ್ಪು ಇಲಿ ಬರುವ ಮೊದಲಿನ ಚರ್ಮಗಳಲ್ಲಿ ಆ ಜೀವಿಯ ಗುರುತು ಇರಲಿಲ್ಲ, ಬಂದ ನಂತರದವುಗಳಲ್ಲಿ ಸಿಕ್ಕಿತು. ಕಪ್ಪು ಇಲಿಗೆ ಅದು ದೊಡ್ಡ ತೊಂದರೆಯೇ ಅಲ್ಲ, ತಲೆತಲಾಂತರದಿಂದ ಅಭ್ಯಾಸವಾಗಿದೆ. ದ್ವೀಪದ ಇಲಿಯ ಮೈ ಅಂಥದ್ದನ್ನು ಹಿಂದೆ ಕಂಡೇ ಇರಲಿಲ್ಲ, ಓಡಿಹೋಗಲು ಬೇರೆ ಜಾಗವೂ ಇರಲಿಲ್ಲ.

ಹವಾಯಿಯದು ಇನ್ನೂ ನಡೆಯುತ್ತಿರುವ ಸಂಕಟ. 1826ರ ತನಕ ಅಲ್ಲಿ ಸೊಳ್ಳೆಯೇ ಇರಲಿಲ್ಲ. ಹಡಗಿನ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಯ ಮರಿ ಬಂತು, ಆಮೇಲೆ ಹೊರಗಿನ ಹಕ್ಕಿಗಳ ಜೊತೆ ಹಕ್ಕಿಮಲೇರಿಯಾ ಬಂತು. ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಹನಿಕ್ರೀಪರ್ ಹಕ್ಕಿಗಳು ತಗ್ಗಿನ ಕಾಡುಗಳಿಂದ ಖಾಲಿಯಾಗಿ, ಸೊಳ್ಳೆಗೆ ಆಗದ ಚಳಿಯ ಬೆಟ್ಟಗಳ ಮೇಲೆ ಮಾತ್ರ ಉಳಿದುಕೊಂಡವು. ಈಗ ಸೆಕೆ ಏರುತ್ತಿದ್ದ ಹಾಗೆ ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ. 2023ರಿಂದ ಮಾವಿ ದ್ವೀಪದಲ್ಲಿ, ಕಾಡಿನ ಹೆಣ್ಣು ಸೊಳ್ಳೆಯ ಜೊತೆ ಕೂಡಿದರೂ ಮೊಟ್ಟೆ ಒಡೆಯದಂಥ ಗಂಡು ಸೊಳ್ಳೆಗಳನ್ನು ಸಾಕಿ ಕಾಡಿಗೆ ಬಿಡುತ್ತಿದ್ದಾರೆ. ಆ ಹಕ್ಕಿಗಳಲ್ಲಿ ಕೆಲವು ಜಾತಿಗಳು ಈಗ ನೂರರ ಲೆಕ್ಕದಲ್ಲೋ ಅದಕ್ಕಿಂತ ಕಡಿಮೆಯೋ ಉಳಿದಿವೆ, ಕೆಲಸ ಬೇಗ ಆಗಲಿ ಎಂದು ನಾನು ನಿಜವಾಗಿ ಆಸೆಪಡುತ್ತೇನೆ. ನೀವು ಓದುತ್ತಿರುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ, ಸಿಕ್ಕಷ್ಟು ಓದಿ ತಂಗಿ.

ಪ್ರಶ್ನೆ: ಗೋರೆಗಾಂವ್ ಪೂರ್ವದಲ್ಲಿ, ಕಾಡಿನ ಅಂಚಿನ ಬಿಲ್ಡಿಂಗಿನಲ್ಲಿ ಇದ್ದೇವೆ. ನಮ್ಮ ನಾಯಿಗೆ ಎರಡನೇ ಸಲ ಟಿಕ್ ಫೀವರ್ ಬಂದಿದೆ. ಕಾಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದರೂ ಉಣ್ಣೆ ಹೋಗುತ್ತಿಲ್ಲ.
(ಒಬ್ಬ ಓದುಗರು, ಮುಂಬಯಿ)

ಉತ್ತರ: ಕಾಡಿಗೆ ಕರೆದೊಯ್ಯುವುದನ್ನು ನಿಲ್ಲಿಸಿದ್ದು ಒಳ್ಳೆಯದೇ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳಿಗೆ ನಾಯಿ ಆಹಾರ, ಮತ್ತೆ ಊರಿನ ನಾಯಿಯ ಜಂತು, ಉಣ್ಣೆ, ರೋಗ ಕಾಡಿನ ಪ್ರಾಣಿಗೆ ಹೋಗುವ ದಾರಿಯೂ ಅದೇ. ಆದರೆ ನಿಮ್ಮ ನಾಯಿಗೆ ಹತ್ತುತ್ತಿರುವುದು ಬಹುಶಃ ಕಾಡಿನ ಉಣ್ಣೆ ಆಗಿರಲಿಕ್ಕಿಲ್ಲ. ಊರುಗಳಲ್ಲಿ ಟಿಕ್ ಫೀವರ್ ಹರಡುವುದು ಕಂದುಬಣ್ಣದ ನಾಯಿ ಉಣ್ಣೆ, ಅದು ಮನೆಯೊಳಗೇ ಸಂಸಾರ ಮಾಡುತ್ತದೆ. ಟಾರ್ಚ್ ತೆಗೆದುಕೊಂಡು ನಾಯಿ ಮಲಗುವ ಜಾಗದ ಹತ್ತಿರದ ಗೋಡೆ ನೋಡಿ. ಕಿಟಕಿಯ ಚೌಕಟ್ಟಿನ ಬಿರುಕು, ಸ್ವಿಚ್‌ಬೋರ್ಡಿನ ಹಿಂದೆ, ಪರದೆಯ ಮಡಿಕೆ, ಸ್ಕರ್ಟಿಂಗ್ ಟೈಲ್ಸಿನ ಸಂದಿ. ರಕ್ತ ಕುಡಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ ಬಟಾಣಿಯಷ್ಟಾಗಿ, ನಾಯಿಯಿಂದ ಇಳಿದು, ಗೋಡೆ ಹತ್ತಿ ಇಂಥ ಕಡೆ ಮೊಟ್ಟೆ ಇಡುತ್ತದೆ. ಬೆಳೆದ ಉಣ್ಣೆ ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನೀವು ನಾಯಿಗೆ ಮಾತ್ರ ಔಷಧಿ ಮಾಡಿದ್ದೀರಿ, ಗೋಡೆಯನ್ನು ಬಿಟ್ಟಿದ್ದೀರಿ.

ಬಿರುಕುಗಳನ್ನು ಸಿಮೆಂಟ್ ಅಥವಾ ಪುಟ್ಟಿಯಿಂದ ಮುಚ್ಚಿಸಿ. ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ. ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸುವಾಗ ಉಣ್ಣೆಗೆ ಅಂತ ಹೇಳಿಯೇ ಮಾಡಿಸಿ, ಮತ್ತೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ನಾಯಿಗೆ ಪಶುವೈದ್ಯರು ಹೇಳಿದ ಮಾತ್ರೆಯನ್ನು ತಿಂಗಳು ತಪ್ಪಿಸದೆ ಕೊಡಿ. ಬಿಲ್ಡಿಂಗಿನ ಗೇಟಿನ ಬಳಿ ಇರುವ ಬೀದಿನಾಯಿಗಳಿಗೂ ಸೊಸೈಟಿಯವರು ಸೇರಿ ಔಷಧಿ ಕೊಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಮಾತ್ರ ಎಂದೂ ಹಚ್ಚಬೇಡಿ, ಬೆಕ್ಕು ಸಾಯುತ್ತದೆ.

ಟಿಕ್ ಫೀವರ್ ಅಂತ ಒಂದೇ ಹೆಸರಲ್ಲಿ ಕರೆದರೂ ಒಳಗೆ ಬೇರೆ ಬೇರೆ ರೋಗಗಳಿವೆ. ಎರ್ಲಿಕಿಯಾ ಆದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ. ನಾಯಿ ಮೂರನೇ ದಿನ ಎದ್ದು ಓಡಾಡಿತು ಅಂತ ನಿಲ್ಲಿಸಬಾರದು, ಎರಡನೇ ಸಲ ಬಂದದ್ದಕ್ಕೆ ಇದೂ ಕಾರಣ ಇರಬಹುದು, ವಿಚಾರಿಸಿ. ಬೆಬೇಸಿಯಾ ಆದರೆ ಔಷಧಿ ಬೇರೆ. ಮೂಗಿನಿಂದ ರಕ್ತ, ಬಿಳುಚಿದ ಒಸಡು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ: ಕಲಂಗುಟ್ ಬೀಚಿನ ಶ್ಯಾಕ್‌ನಲ್ಲಿ ಕೆಲಸ. ಬರಿಗಾಲಲ್ಲೇ ಓಡಾಟ. ಪಾದದ ಪಕ್ಕ ಕೆಂಪು ಗೆರೆ ಹಾವಿನ ಹಾಗೆ ಹರಿಯುತ್ತಿದೆ, ದಿನಾ ಉದ್ದ ಆಗುತ್ತಿದೆ, ರಾತ್ರಿ ತುರಿಕೆ ತಡೆಯಲಿಕ್ಕೆ ಆಗುವುದಿಲ್ಲ.
(ಒಬ್ಬ ಓದುಗರು, ಕಲಂಗುಟ್)

ಉತ್ತರ: ನಾನು ಪ್ರಾಣಿಗಳ ಡಾಕ್ಟರ್, ನೀವು ಚರ್ಮದ ಡಾಕ್ಟರಿಗೇ ತೋರಿಸಬೇಕು. ಆದರೆ ಗೆರೆ ಎಲ್ಲಿಂದ ಬಂತು ಅನ್ನುವುದು ನನ್ನ ಕಡೆಯ ವಿಷಯ. ನಾಯಿ, ಬೆಕ್ಕಿನ ಹೊಟ್ಟೆಯ ಕೊಕ್ಕೆಹುಳದ ಮೊಟ್ಟೆ ಮಲದ ಜೊತೆ ಮರಳಿಗೆ ಬಿದ್ದು, ಅಲ್ಲೇ ಮರಿಯಾಗಿ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೆಚ್ಚಿನವಕ್ಕೆ ಮನುಷ್ಯನ ಚರ್ಮ ದಾಟಿ ಮುಂದೆ ಹೋಗಲು ಬರುವುದಿಲ್ಲ, ಅಲ್ಲೇ ಅಲೆಯುತ್ತವೆ. ಮಾತ್ರೆಗೆ ಬೇಗ ವಾಸಿಯಾಗುತ್ತದೆ. ಬ್ಲೇಡಿನಿಂದ ಕೆರೆಯುವುದು, ಸುಡುವುದು ಬೇಡ, ಗೆರೆಯ ತುದಿಯಲ್ಲಿ ಹುಳ ಇರುವುದೂ ಇಲ್ಲ, ಅದು ಆಗಲೇ ಮುಂದೆ ಹೋಗಿರುತ್ತದೆ.

ಈ ಗುಂಪಿನಲ್ಲಿ ಒಂದು ಹುಳ ಮಾತ್ರ ಬೇರೆ ಥರ. 1911ರಲ್ಲಿ ಸಿಲೋನಿನ ಒಂದು ಪುನುಗು ಬೆಕ್ಕಿನಲ್ಲಿ ಸಿಕ್ಕ ಕೊಕ್ಕೆಹುಳಕ್ಕೆ ಆ ದ್ವೀಪದ ಹೆಸರೇ ಸೇರಿಸಿ ಆನ್ಸೈಲೋಸ್ಟೋಮಾ ಸಿಲಾನಿಕಮ್ ಅಂತ ಹೆಸರಿಟ್ಟರು. ಕಾಡಿನ ಪುನುಗು ಬೆಕ್ಕಿನಲ್ಲಿ ಕಂಡದ್ದು ನಾಯಿ, ಬೆಕ್ಕಿನಲ್ಲೂ ಇದೆ, ಮನುಷ್ಯನ ಕರುಳಿನಲ್ಲೂ ಪೂರ್ತಿ ಬೆಳೆದು ರಕ್ತ ಕುಡಿಯುತ್ತದೆ. ಕಾಡಿನದು, ಮನೆಯದು ಅಂತ ನಾವು ಎಳೆದ ಗೆರೆ ಹುಳಕ್ಕೆ ಗೊತ್ತಿಲ್ಲ. ಹಾಗಾಗಿ ಶ್ಯಾಕ್ ಮಾಲೀಕರಿಗೆ ಹೇಳಿ, ಅಲ್ಲೇ ಮಲಗುವ ನಾಯಿಗಳಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ಹಾಕಿಸಲಿ. ನೀವು ಚಪ್ಪಲಿ ಹಾಕಿ. ಮಲಗುವುದಾದರೆ ಭರತದ ನೀರು ಮುಟ್ಟುವ ಗಟ್ಟಿ ಮರಳು ವಾಸಿ, ಮೇಲಿನ ನೆರಳಿನ ಒದ್ದೆ ಮರಳು ಬೇಡ.

ಪ್ರಶ್ನೆ: ಸೊಸೆ ಈಗ ಮೂರು ತಿಂಗಳ ಬಸುರಿ. ಮನೆಯಲ್ಲಿ ಬೆಕ್ಕಿದೆ. ಬೆಕ್ಕನ್ನು ಬಿಟ್ಟು ಬನ್ನಿ ಅಂತ ಎಲ್ಲರೂ ಹೇಳುತ್ತಿದ್ದಾರೆ, ಅವಳು ಅಳುತ್ತಾಳೆ.
(ಒಬ್ಬ ಹಿರಿಯರು, ವಿಲೇಪಾರ್ಲೆ)

ಉತ್ತರ: ಬಿಡಬೇಡಿ. ಟಾಕ್ಸೋಪ್ಲಾಸ್ಮಾ ಅನ್ನುವ ಜೀವಿಯ ಭಯ ಇದು, ಭಯಕ್ಕೆ ಕಾರಣವೂ ಇದೆ, ಗರ್ಭದ ಮಗುವಿಗೆ ಅದು ಕೆಟ್ಟದ್ದು. ಆದರೆ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ, ಒಂದೆರಡು ವಾರ ಮಾತ್ರ ಇದರ ಮೊಟ್ಟೆಗಳನ್ನು ಮಲದಲ್ಲಿ ಬಿಡುತ್ತದೆ. ಬಿದ್ದ ಮೊಟ್ಟೆ ಹಾನಿ ಮಾಡುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು. ಹಾಗಾಗಿ ಬೆಕ್ಕಿನ ಮಣ್ಣಿನ ತಟ್ಟೆಯನ್ನು ದಿನಾ ತಪ್ಪದೆ ನೀವೋ ಮಗನೋ ಸ್ವಚ್ಛ ಮಾಡಿ, ಸೊಸೆ ಮುಟ್ಟುವುದು ಬೇಡ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ, ಹೊರಗೆ ಇಲಿ ಹಿಡಿಯಲು ಬಿಡಬೇಡಿ. ಮನೆಯವರೂ ಮಾಂಸ ಚೆನ್ನಾಗಿ ಬೇಯಿಸಿ, ಸೊಪ್ಪು ತೊಳೆದು ತಿನ್ನಿ, ಕುಂಡದ ಮಣ್ಣು ಮುಟ್ಟುವಾಗ ಗ್ಲೌಸ್ ಹಾಕಿ. ಹೆರಿಗೆ ಡಾಕ್ಟರಿಗೆ ಬೆಕ್ಕಿದೆ ಅಂತ ಹೇಳಿ, ರಕ್ತ ಪರೀಕ್ಷೆ ಬೇಕೋ ಅವರೇ ಹೇಳುತ್ತಾರೆ.

ಬೆಕ್ಕನ್ನು ಬೀದಿಗೆ ಬಿಡುವುದೇ ಇನ್ನೂ ದೊಡ್ಡ ತೊಂದರೆ. ಹವಾಯಿಯಲ್ಲಿ ಬೀದಿಬೆಕ್ಕುಗಳ ಮಲ ಮಳೆನೀರಿನ ಜೊತೆ ಸಮುದ್ರಕ್ಕೆ ಹರಿದು ಅಲ್ಲಿನ ಅಪರೂಪದ ಮಾಂಕ್ ಸೀಲ್‌ಗಳು ಇದೇ ಟಾಕ್ಸೋಪ್ಲಾಸ್ಮಾದಿಂದ ಸತ್ತಿವೆ. ಸಮುದ್ರದ ಪ್ರಾಣಿಗೆ ಬೆಕ್ಕಿನ ರೋಗ!

ಪ್ರಶ್ನೆ: ಬೀದಿನಾಯಿಯ ಕುತ್ತಿಗೆಯ ಗಾಯಕ್ಕೆ ಹುಳ ಬಿದ್ದಿದೆ. ಸೀಮೆಎಣ್ಣೆ ಹಾಕಬಹುದಾ?
(ಒಬ್ಬ ಓದುಗರು, ಮಾಟುಂಗಾ)

ಉತ್ತರ: ಬೇಡ. ಸೀಮೆಎಣ್ಣೆ, ಪೆಟ್ರೋಲ್, ಫಿನೈಲ್ ಯಾವುದೂ ಬೇಡ, ಮಾಂಸ ಸುಡುತ್ತದೆ, ನೆಕ್ಕಿದರೆ ವಿಷ. ನಾಯಿಯ ಬಾಯಿಗೆ ಪಟ್ಟಿ ಕಟ್ಟಿ, ಹತ್ತಿಗೆ ಸ್ವಲ್ಪ ಟರ್ಪೆಂಟೈನ್ ಎಣ್ಣೆ ಹಾಕಿ ಗಾಯದ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹುಳಗಳು ಉಸಿರಿಗೆ ಮೇಲೆ ಬರುತ್ತವೆ, ಒಂದೊಂದಾಗಿ ಚಿಮುಟದಲ್ಲಿ ತೆಗೆಯಬೇಕು. ಅವು ತಲೆ ಒಳಗೆ, ಬಾಲ ಹೊರಗೆ ಮಾಡಿ ಕೂತಿರುತ್ತವೆ, ಆಳದ ಪೊಟರೆಯಲ್ಲಿ ಒಂದೆರಡು ಉಳಿದರೂ ಕೆಲಸ ಕೆಡುತ್ತದೆ. ಅಭ್ಯಾಸ ಇಲ್ಲದವರು ಪ್ರಾಣಿದಯಾ ಸಂಸ್ಥೆಯವರನ್ನು ಕರೆಯುವುದೇ ಮೇಲು.

ಗಾಯದ ಈ ಹುಳಗಳು ಒಂದು ನೊಣದ ಮರಿಗಳು. ಅದರ ಅಮೆರಿಕದ ಜಾತಿಯ ನೊಣವನ್ನು 1954ರಲ್ಲಿ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ ಬಂಜೆ ನೊಣಗಳ ಬಲದಿಂದ ಇಲ್ಲವಾಗಿಸಿದರು. ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ವಿಮಾನದಿಂದ ಬಿಟ್ಟರು. ಆ ಹೆಣ್ಣು ನೊಣ ಸಾಮಾನ್ಯವಾಗಿ ಒಂದೇ ಸಲ ಕೂಡುತ್ತದೆ, ಬಂಜೆ ಗಂಡಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಕೆಲವೇ ತಿಂಗಳಲ್ಲಿ ದ್ವೀಪದ ಆಡುಗಳ ಗಾಯದಲ್ಲಿ ಹುಳ ಕಾಣುವುದು ನಿಂತಿತು. ನೀರು ಸುತ್ತುವರಿದಿದ್ದರಿಂದ ಹೊರಗಿನ ನೊಣ ತುಂಬಾ ವರ್ಷ ಮತ್ತೆ ಬರಲಿಲ್ಲ.

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು, ಈಗ ಗೋವಾದ ಸತ್ತರಿಯ ಗೇರು ತೋಟದಲ್ಲಿ ಕೆಲಸ. ಇಲ್ಲೂ ಮಂಗನ ಕಾಯಿಲೆ ಇದೆಯಂತೆ, ನಿಜವಾ?
(ಒಬ್ಬ ಓದುಗರು, ಸತ್ತರಿ)

ಉತ್ತರ: ನಿಜ. 1957ರಲ್ಲಿ ನಿಮ್ಮ ಕಡೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಯೇ 2015ರಿಂದ ಸತ್ತರಿಯಲ್ಲೂ ಕಂಡಿದೆ. ಹರಡುವುದು ಕಾಡಿನ ಉಣ್ಣೆಯ ಮರಿ, ಒಣಗಿದ ಎಲೆಯ ಮೇಲೆ ಇರುತ್ತದೆ, ಗೇರು ಹೆಕ್ಕುವ ಕಾಲವೇ ಅದರ ಕಾಲ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದೇ ದೊಡ್ಡ ಉಣ್ಣೆಗಳು ಹೆಚ್ಚುತ್ತವೆ. ಉದ್ದ ಕೈ, ಉದ್ದ ಕಾಲಿನ ಬಟ್ಟೆ, ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ತಲೆನೋವಿನ ಜೊತೆ ಜ್ವರ ಬಂದರೆ ಗೇರು ತೋಟದಲ್ಲಿ ಕೆಲಸ ಮಾಡುತ್ತೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಬೆನ್ನುನೋವಿಗೆ ಉಡದ ನಾಲಿಗೆ ಹಸಿಯಾಗಿ ನುಂಗಿದರೆ ಒಳ್ಳೆಯದು ಅಂತಾರೆ. ಒಬ್ಬರು ತಂದುಕೊಡುತ್ತಾರೆ. ತಗೊಳ್ಳಲಾ?
(ಒಬ್ಬ ಓದುಗರು, ಜುವಾರಿನಗರ)

ಉತ್ತರ: ದಯವಿಟ್ಟು ಬೇಡ ಅಣ್ಣಾ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಹುಳದ ಮರಿ ಬಸವನಹುಳುವಿನ ಮೂಲಕ ಉಡದ ಮೈ ಸೇರುತ್ತದೆ. ಹಸಿ ಉಡ ತಿಂದವರ ಮೆದುಳಿನ ಸುತ್ತ ಆ ಮರಿ ಹೋಗಿ ತಡೆಯಲಾಗದ ತಲೆನೋವು, ವಾಂತಿ, ಕುತ್ತಿಗೆ ಸೆಟೆತ ಬಂದು ಆಸ್ಪತ್ರೆ ಸೇರಿದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಉಡವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಜೈಲಿಗೆ ಹೋಗುವ ಅಪರಾಧ ಕೂಡ. ಅದರಿಂದ ಬೆನ್ನುನೋವು ಹೋಗುವುದೂ ಇಲ್ಲ. ನೀವು ಭಾರ ಹೊರುವ ಕೆಲಸದವರು ಅಂತ ಬರೆದಿದ್ದೀರಿ, ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಒಂದು ಸಲ ತೋರಿಸಿ, ಅಲ್ಲಿಯವರೆಗೆ ಎರಡು ಚೀಲ ಹೊರುವ ಕಡೆ ಒಂದೊಂದೇ ಹೊರಿ.